ಗೂಟ ಹೊಡೆದು ದಡ ಹತ್ತಿದ ದಿನ

"ಮೊಸರು ಹುಳಿಯಾಗುತ್ತೆ ಭಾವ" ಎಂಬುದು ತಮ್ಮನ ಹೆಂಡತಿಯ ಮೊದಲ ತಕರಾರು. ಇಂಗ್ಲೆಂಡಿನ ಕಾಲುವೆಯಲ್ಲಿ ನಾಲ್ಕು ದಿನ ತೇಲಿಕೊಂಡು ಬಂದು, ವೇಲ್ಸ್ ಗಡಿಯ ಚರ್ಕ್ ಎಂಬ ಊರಿನ ಪಕ್ಕ ದೋಣಿ ಕಟ್ಟಿದ್ದೆವು. ನಾಳೆ ದೋಣಿ ಇಲ್ಲೇ ಇರಲಿ, ನಾವು ದಡ ಹತ್ತಿ ಎಲ್ಲಾದರೂ ಸುತ್ತಿ ಬರೋಣ ಎಂದು ನಾನು ಬಾಯಿ ಬಿಟ್ಟಿದ್ದಷ್ಟೇ. ಊರು ಸುತ್ತುವುದಕ್ಕೂ ಮೊಸರಿಗೂ ಎತ್ತಣ ಸಂಬಂಧ ಎಂದು ಓದುವವರಿಗೆ ಅನ್ನಿಸಬಹುದು. ದೋಣಿಯಲ್ಲಿ ಸಂಸಾರ ಮಾಡಿದವರಿಗೆ ಅನ್ನಿಸುವುದಿಲ್ಲ. ಫ್ರಿಜ್ಜಿಗೆ ಬೇಕಾದ ಕರೆಂಟು ಬರುವುದು ಬ್ಯಾಟರಿಯಿಂದ. ಬ್ಯಾಟರಿ ತುಂಬುವುದು ಎಂಜಿನ್ ಓಡಿದರೆ. ದೋಣಿ ಹೊರಡದ ದಿನ ಎಂಜಿನ್ನೂ ಓಡುವುದಿಲ್ಲ, ಸ್ನಾನಕ್ಕೆ ಬಿಸಿನೀರೂ ಇಲ್ಲ. ಎಂಜಿನ್ ಒಂದನ್ನೇ ಓಡಿಸಿಕೊಂಡು ಕೂರೋಣವೆಂದರೆ ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಅಕ್ಕಪಕ್ಕದ ದೋಣಿಯವರ ನಿದ್ದೆ ಕೆಡಿಸಬಾರದೆಂಬ ಕಟ್ಟಳೆ ಬೇರೆ.

ನಮ್ಮದು ಹತ್ತು ದಿನದ ಬಾಡಿಗೆ ದೋಣಿ. ಇಲ್ಲಿ ಇದನ್ನು ನ್ಯಾರೋಬೋಟ್ ಎನ್ನುತ್ತಾರೆ. ಉದ್ದದಲ್ಲಿ ನಮ್ಮ ಸಾರಿಗೆ ಬಸ್ಸನ್ನೂ ಮೀರಿಸುತ್ತದೆ, ಅಗಲ ಮಾತ್ರ 7 ಅಡಿಗೂ ಎರಡಂಗುಲ ಕಡಿಮೆ. ಅಡುಗೆಮನೆ, ಬಚ್ಚಲು, ಮಲಗುವ ಕೋಣೆ ಎಲ್ಲವೂ ರೈಲು ಬೋಗಿಯಂತೆ ಒಂದರ ಹಿಂದೆ ಒಂದು. ಒಳಗೆ ಒಬ್ಬರು ಎದುರು ಬಂದರೆ ಇನ್ನೊಬ್ಬರು ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ಅದರಲ್ಲಿ ನಾಲ್ವರು: ಮ್ಯಾಂಚೆಸ್ಟರಿನಲ್ಲಿ ನೆಲೆಸಿರುವ ತಮ್ಮ, ಅವನ ಹೆಂಡತಿ, ಹನ್ನೆರಡು ವರ್ಷದ ಮಗಳು, ಮೈಸೂರಿನಿಂದ ಬಂದಿಳಿದ ನಾನು.

ಮಂಡ್ಯ-ಮೈಸೂರು ಕಡೆಯವನಿಗೆ ಕಾಲುವೆ ಎಂದರೆ ನಾಲೆ, ನಾಲೆ ಎಂದರೆ ಗದ್ದೆಗೆ ನೀರು. ಅದರಲ್ಲಿ ಎಮ್ಮೆ ಮೈ ತೊಳೆಯಬಹುದು, ಬಟ್ಟೆ ಒಗೆಯಬಹುದು, ಹುಡುಗರು ಈಜಬಹುದು. ಮನೆ ಕಟ್ಟಿಕೊಂಡು ತೇಲಿಹೋಗುವ ಕಾಲುವೆ ನಮ್ಮ ಕಲ್ಪನೆಗೆ ಬರುವುದಿಲ್ಲ. ಇಂಗ್ಲೆಂಡಿನವರು ಕಾಲುವೆ ತೋಡಿದ್ದು ಬೆಳೆಗಲ್ಲ, ಸಾಗಣೆಗೆ. ಕಲ್ಲಿದ್ದಲು, ಸುಣ್ಣದ ಕಲ್ಲು, ಕಬ್ಬಿಣ ಹೊರಲು ರೈಲು ಬರುವ ಮುಂಚೆ ಅವರಿಗಿದ್ದ ದಾರಿ ಇದು. ಏರು ಬಂದ ಕಡೆ ಲಾಕ್ ಕಟ್ಟಿದರು. ತೂಬು ನೋಡಿದವರಿಗೆ ಲಾಕ್ ಅರ್ಥವಾಗಲು ಎರಡು ನಿಮಿಷ ಸಾಕು. ಎರಡೂ ಕಡೆ ಬಾಗಿಲಿರುವ ಕಲ್ಲಿನ ತೊಟ್ಟಿ ಅದು. ದೋಣಿಯನ್ನು ಒಳಗೆ ಬಿಟ್ಟು ಹಿಂದಿನ ಬಾಗಿಲು ಮುಚ್ಚಿ, ಮುಂದಿನ ಬಾಗಿಲಿನ ತೂಬು ಎತ್ತಿದರೆ ಮೇಲಿನ ನೀರು ತೊಟ್ಟಿಗೆ ಇಳಿಯುತ್ತದೆ, ದೋಣಿ ಮೇಲೇಳುತ್ತದೆ. ತೂಬು ಎತ್ತುವ ಕಬ್ಬಿಣದ ಹಿಡಿಕೆ ನಮ್ಮ ಕೈಯಲ್ಲೇ ಇರುತ್ತದೆ. ಬಾಗಿಲು ತಳ್ಳಬೇಕಾದದ್ದು ನಮ್ಮ ಬೆನ್ನೇ.

ನಾವು ಹೊರಟಿದ್ದ ಲಾಂಗೊಲೆನ್ ಕಾಲುವೆ ಹರ್ಲ್‌ಸ್ಟನ್ ಎಂಬಲ್ಲಿ ಕವಲೊಡೆದು ವೇಲ್ಸ್‌ನ ಬೆಟ್ಟದ ಬುಡದವರೆಗೆ 46 ಮೈಲಿ ಹೋಗುತ್ತದೆ. ದಾರಿಯಲ್ಲಿ 21 ಲಾಕ್. (ಲಾಂಗೊಲೆನ್ ಎಂದು ನಾನು ಬರೆಯುತ್ತಿರುವುದು ಶುದ್ಧ ತಪ್ಪು. ಮೊದಲ ಅಕ್ಷರಕ್ಕೆ ನಾಲಿಗೆಯನ್ನು 'ಲ'ಕಾರಕ್ಕೆ ಇಟ್ಟು ಉಸಿರನ್ನು ಊದಬೇಕು. ಹಳಗನ್ನಡದ ೞಕಾರವನ್ನೇ ಕಳೆದುಕೊಂಡ ನಾವು ವೆಲ್ಶ್ ಭಾಷೆಯ ಈ ಅಕ್ಷರಕ್ಕೆ ಎಲ್ಲಿಂದ ಲಿಪಿ ತರೋಣ?) ವೇಗದ ಮಿತಿ ಗಂಟೆಗೆ 4 ಮೈಲಿ. ಅಷ್ಟು ವೇಗವೂ ಹೆಚ್ಚಿನ ಕಡೆ ಸಲ್ಲದು. ನಾಯಿ ಹಿಡಿದು ದಂಡೆಯ ಮೇಲೆ ನಡೆಯುವ ಅಜ್ಜಿ ನಮ್ಮನ್ನು ಹಿಂದೆ ಹಾಕಿ ಹೋಗುತ್ತಾಳೆ, ಹೋಗುವಾಗ ಗುಡ್ ಮಾರ್ನಿಂಗ್ ಎನ್ನುತ್ತಾಳೆ.

ಈ ನಿಧಾನಕ್ಕೂ ಒಂದು ಲೆಕ್ಕವಿದೆ. ಒಂದು ಲಾಕ್ ದಾಟಲು ಒಂದು ಮೈಲಿ ಸಾಗುವಷ್ಟೇ ಹೊತ್ತು ಹಿಡಿಯುತ್ತದೆ. ಹಾಗಾಗಿ ಮೈಲಿಗಳನ್ನೂ ಲಾಕುಗಳನ್ನೂ ಕೂಡಿ 'ಲಾಕ್-ಮೈಲಿ' ಎನ್ನುತ್ತಾರೆ. ಗಂಟೆಗೆ ಮೂರು ಲಾಕ್-ಮೈಲಿ ಎಂದು ಹಿಡಿದರೆ ಮೋಸವಿಲ್ಲ. ಎಂಜಿನ್ ದೋಣಿಗಳು ತುದಿಯವರೆಗೆ ಹೋಗುವಂತಿಲ್ಲ. ಹೋಗಬಹುದಾದಷ್ಟು ದೂರಕ್ಕೆ ಹೋಗಿ ಬರಲು ನಮ್ಮದು ಒಟ್ಟು 130 ಲಾಕ್-ಮೈಲಿ, ಹತ್ತಿರ ಹತ್ತಿರ 44 ಗಂಟೆ. ದಿನಕ್ಕೆ ಆರು ಗಂಟೆ ಓಡಿಸಿದರೆ ಏಳು ದಿನ ಮತ್ತು ಚಿಲ್ಲರೆ. ಮೊದಲ ದಿನದ ಅರ್ಧ ದೋಣಿ ನಡೆಸುವುದನ್ನು ಹೇಳಿಸಿಕೊಳ್ಳುವುದರಲ್ಲಿ ಹೋಯಿತು, ಕೊನೆಯ ದಿನದ ಅರ್ಧ ಒಪ್ಪಿಸುವುದರಲ್ಲಿ ಹೋಗುತ್ತದೆ. ಕೈಯಲ್ಲಿ ಉಳಿದದ್ದು ಹೆಚ್ಚುಕಡಿಮೆ ಎರಡೇ ದಿನ. ತಮ್ಮ ಇದನ್ನೆಲ್ಲ ಬ್ರೆಡ್ಡಿನ ಕಾಗದದ ಮೇಲೆ ಬರೆದು ತೋರಿಸಿದ. "ಒಂದು ದಿನ ಮಳೆಗೆ, ಕೆಟ್ಟು ನಿಂತರೆ ಅಂತ ಇಟ್ಕೊಂಡಿರೋದಣ್ಣ. ಇನ್ನೊಂದು ಬೇಕಾದರೆ ನೀನು ತಗೋ" ಎಂದ. ರಜೆಯೊಳಗೆ ರಜೆ ಮಂಜೂರಾಯಿತು.

ಕಾಲುವೆಯನ್ನೇ ನಂಬಿ ಬದುಕಿದವರಿಗೆ ಇಂಥ ದಿನ ಇರಲಿಲ್ಲ. ಅವರ ಕೂಲಿ ಹೊರೆಯ ಲೆಕ್ಕದಲ್ಲಿ. ನಿಂತರೆ ಕಾಸಿಲ್ಲ. ಅವಸರದ ಸರಕಿನ 'ಫ್ಲೈ ಬೋಟು'ಗಳು ಕುದುರೆ ಬದಲಿಸುತ್ತ ಹಗಲಿರುಳು ಓಡುತ್ತಿದ್ದವು. ರೈಲಿನ ಪೈಪೋಟಿಯಲ್ಲಿ ಸಂಪಾದನೆ ಇಳಿದಂತೆ ದೋಣಿಯವರು ದಡದ ಮನೆ ಬಿಟ್ಟು ಹೆಂಡತಿ ಮಕ್ಕಳೊಂದಿಗೆ ದೋಣಿಯ ಹಿಂಭಾಗದ ಹತ್ತಡಿಯ ಗೂಡಿಗೆ ಬಂದು ಸೇರಿದರು. ಆ ಗೂಡಿನಲ್ಲಿ ಎಷ್ಟು ಮಂದಿ ಮಲಗಬಹುದು, ಮಕ್ಕಳು ಶಾಲೆಗೆ ಹೋಗುವುದು ಹೇಗೆ ಎಂದು ಕೇಳುವ ಕಾನೂನು ಬಂದದ್ದು 1877ರಲ್ಲಿ. ಅವರು ದಡ ಹತ್ತಿ ಊರು ನೋಡಿದ್ದರೆ ಅದು ಕಾಲುವೆ ಹೆಪ್ಪುಗಟ್ಟಿದಾಗ, ಲಾಕ್ ದುರಸ್ತಿಗೆ ನಿಂತಾಗ, ಇಲ್ಲವೇ ಸರಕು ತುಂಬಲು ಸರದಿ ಕಾಯುವಾಗ. 1962-63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿದಾಗ ಉಳಿದಿದ್ದ ಸರಕು ದೋಣಿಗಳಲ್ಲೂ ಹೆಚ್ಚಿನವುಗಳ ಕಥೆ ಮುಗಿಯಿತು. ಅಷ್ಟರಲ್ಲಿ ದೋಣಿಯನ್ನು ಸುಖಕ್ಕಾಗಿ ಓಡಿಸುವ ಹೊಸ ಜಾತಿ ಹುಟ್ಟಿಕೊಂಡಿತ್ತು. ಎಲ್.ಟಿ.ಸಿ. ರೋಲ್ಟ್ ಎಂಬ ಎಂಜಿನಿಯರ್ ತನ್ನ ದೋಣಿಯ ಬದುಕಿನ ಬಗ್ಗೆ 1944ರಲ್ಲಿ ಪುಸ್ತಕ ಬರೆದ. ಎರಡು ವರ್ಷದಲ್ಲಿ ಕಾಲುವೆಗಳನ್ನು ಉಳಿಸುವ ಸಂಘವೇ ಹುಟ್ಟಿತು. ದಡ ಹತ್ತಿ ಊರು ನೋಡುವ ದಿನ ಈ ಹೊಸಬರ ಕೊಡುಗೆ.

ಹಾಗೆಂದು ಹೊಸಬರೆಲ್ಲ ದಡ ಹತ್ತುತ್ತಾರೆಂದಲ್ಲ. ಕಾಲುವೆ ತೋರಿಸಿದಷ್ಟನ್ನು ನೋಡಿದರೆ ಸಾಕು ಎನ್ನುವ ಪಂಗಡ ದೊಡ್ಡದು. ಅವರ ವಾದದಲ್ಲೂ ಹುರುಳಿದೆ. ಎಲ್ಸ್‌ಮೀರ್ ಊರಿನಲ್ಲಿ ಕಾಲುವೆಯ ಗಿಡ್ಡ ಕವಲೊಂದು ನೇರ ಸೂಪರ್‌ಮಾರ್ಕೆಟ್ಟಿನ ಮಗ್ಗುಲಿಗೇ ಹೋಗಿ ನಿಲ್ಲುತ್ತದೆ. ಈರುಳ್ಳಿ, ಹಾಲು, ಈಗ ಜಗಳ ತಂದಿರುವ ಮೊಸರು ಎಲ್ಲವನ್ನೂ ಅಲ್ಲೇ ಕೊಂಡಿದ್ದು. ಮುಂದೆ ಸಿಗಲಿರುವ ಪಾಂಟ್‌ಕಸಲ್ಟೆ ಮೇಲ್ಗಾಲುವೆ ಈ ದಾರಿಯ ಮುಕುಟ. 126 ಅಡಿ ಎತ್ತರದಲ್ಲಿ 18 ಕಲ್ಲಿನ ಕಂಬಗಳು, ಅವುಗಳ ಮೇಲೆ 1,007 ಅಡಿ ಉದ್ದದ ಎರಕದ ಕಬ್ಬಿಣದ ತೊಟ್ಟಿ, ಒಂದು ಬದಿಗೆ ಕಟಾಂಜನವೇ ಇಲ್ಲ. 2009ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಅದನ್ನು ನೋಡಲು ದೋಣಿಯಿಂದ ಇಳಿಯಬೇಕಿಲ್ಲ. ದಡದಲ್ಲಿ ನಿಂತು ದೋಣಿಗಳನ್ನೇ ನೋಡುವವರಿಗೆ ಕಾಲುವೆಯವರು ಇಟ್ಟ ಹೆಸರು 'ಗಾಂಗೂಜ್ಲರ್'. ದಡ ಹತ್ತಿದವನು ಆ ಜಾತಿಗೆ ಇಳಿದಂತೆ ಎಂಬ ತಮಾಷೆಯೂ ಇದೆ.

ನನ್ನ ಹಟಕ್ಕೆ ಬೇರೆ ಕಾರಣವಿತ್ತು. ಕಾಲುವೆ ತಾನಾಗಿ ತೋರಿಸುವ ಜಾಗಕ್ಕಾಗಿ ಒಂದು ದಿನ ಖರ್ಚು ಮಾಡುವುದು ದಡ್ಡತನ, ಅದು ಕರೆದೊಯ್ಯಲಾರದ ಜಾಗಕ್ಕಾದರೆ ಸರಿ. ನನಗೆ ಬೇಕಾಗಿದ್ದ ಊರು ವೆಲ್ಶ್‌ಪೂಲ್. ಅದರ ಹೊರಗಿನ ಗುಡ್ಡದ ಮೇಲಿರುವ ಪೋವಿಸ್ ಕೋಟೆಯಲ್ಲಿ ಟಿಪ್ಪು ಸುಲ್ತಾನನ ಡೇರೆ ಇದೆ. ಶ್ರೀರಂಗಪಟ್ಟಣಕ್ಕೆ ಹನ್ನೆರಡು ಮೈಲಿ ದೂರದಲ್ಲಿ ಹುಟ್ಟಿ, ಅಲ್ಲಿಯ ದರಿಯಾ ದೌಲತ್ ಅರಮನೆಗೆ ಶಾಲೆಯ ಪ್ರವಾಸದಲ್ಲಿ ಮೂರು ಸಲ ಹೋದವನು, ಇಷ್ಟು ಹತ್ತಿರ ಬಂದು ಅದನ್ನು ನೋಡದೆ ಹೋದರೆ ಹೇಗೆ?

ತಮಾಷೆಯೆಂದರೆ ವೆಲ್ಶ್‌ಪೂಲ್‌ಗೂ ಕಾಲುವೆ ಇದೆ. ನಮ್ಮ ಕಾಲುವೆಯಿಂದಲೇ ಫ್ರಾಂಕ್ಟನ್ ಬಳಿ ಕವಲೊಡೆಯುವ ಮಾಂಟ್‌ಗೊಮರಿ ಕಾಲುವೆ ಆ ಊರಿನ ನಡುವೆಯೇ ಹಾದುಹೋಗುತ್ತದೆ. 1936ರಲ್ಲಿ ಅದರ ದಂಡೆ ಒಡೆಯಿತು. ಮಾಲೀಕ ರೈಲು ಕಂಪನಿಗೆ ಕಟ್ಟುವ ಮನಸ್ಸಿರಲಿಲ್ಲ. 1944ರ ಕಾನೂನು ಅದನ್ನು ಅಧಿಕೃತವಾಗಿಯೇ ಕೈಬಿಟ್ಟಿತು. 1969ರಲ್ಲಿ ವೆಲ್ಶ್‌ಪೂಲ್‌ನಲ್ಲಿ ಕಾಲುವೆಯ ಹಾದಿಯ ಮೇಲೇ ಬೈಪಾಸ್ ರಸ್ತೆ ಹಾಕಲು ಹೊರಟಾಗ ಸ್ವಯಂಸೇವಕರು ಗುದ್ದಲಿ ಹಿಡಿದು ಬಂದು ಹೂಳೆತ್ತಿ ಊರಿನೊಳಗಿನ ತುಂಡನ್ನು ಉಳಿಸಿಕೊಂಡರು. ನಡುವಿನ ಕೊಂಡಿ ಇನ್ನೂ ಕೂಡಿಲ್ಲ. ಅಲ್ಲೂ ನೀರಿದೆ, ಇಲ್ಲೂ ನೀರಿದೆ, ದೋಣಿ ಮಾತ್ರ ಹೋಗುವುದಿಲ್ಲ. ಅದೇ 1944ರ ಕಾನೂನು ನಮ್ಮ ಲಾಂಗೊಲೆನ್ ಕಾಲುವೆಯನ್ನೂ ಕೈಬಿಟ್ಟಿತ್ತು. ಇದು ಬದುಕಿದ್ದು ನೀರು ಹರಿಸುವ ಕೆಲಸದಿಂದ. ಡೀ ನದಿಯ ನೀರು ಈ ಕಾಲುವೆಯಲ್ಲೇ ಹರಿದು ಹರ್ಲ್‌ಸ್ಟನ್ ಜಲಾಶಯ ಸೇರಿ ಚೆಶೈರ್‌ನ ನಲ್ಲಿಗಳಿಗೆ ಹೋಗುತ್ತದೆ. ಕೊನೆಗೂ ದೋಣಿ ಕಾಲುವೆಯನ್ನು ಉಳಿಸಿದ್ದು ನಾಲೆಯ ಕಸುಬೇ. ಮಂಡ್ಯದವನಿಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಚರ್ಕ್ ಆಯ್ದುಕೊಂಡದ್ದೂ ಲೆಕ್ಕ ಹಾಕಿಯೇ. ಇಷ್ಟರಲ್ಲಿ 21 ಲಾಕೂ ಹಿಂದೆ ಬಿದ್ದಿದ್ದವು. ದಣಿದ ಮೈಗೆ ಒಂದು ದಿನ ಬಿಡುವು ನ್ಯಾಯವೇ. ಇಲ್ಲಿಯ ಸುರಂಗ ದಾಟಿದ ಕೂಡಲೇ ಪಕ್ಕದಲ್ಲೇ ರೈಲು ನಿಲ್ದಾಣ. ದೋಣಿ ಕಟ್ಟಲು ಕಂಡ ಕಂಡ ಜಾಗ ಆಗದು. ಲಾಕಿನ ಬಾಯಲ್ಲಿ, ಸೇತುವೆಯ ಕೆಳಗೆ, ನೀರು ತುಂಬಿಸುವ ನಲ್ಲಿಯ ಎದುರು, ದೋಣಿ ತಿರುಗಿಸಲು ಅಗಲ ಮಾಡಿದ ಕಡೆ ಕಟ್ಟುವಂತಿಲ್ಲ. ಫಲಕ ಇದ್ದಲ್ಲಿ 24 ಅಥವಾ 48 ಗಂಟೆ, ಇಲ್ಲದ ಕಡೆ ಹದಿನಾಲ್ಕು ದಿನದ ಮಿತಿ. ಆಗಸ್ಟ್ ತಿಂಗಳಾದ್ದರಿಂದ ಕಬ್ಬಿಣದ ಬಳೆ ಹಾಕಿದ ಒಳ್ಳೆಯ ಜಾಗಗಳೆಲ್ಲ ಭರ್ತಿಯಾಗಿದ್ದವು. ನಾವು ಇನ್ನಷ್ಟು ಮುಂದೆ ಹೋಗಿ ಹುಲ್ಲಿನ ದಂಡೆಗೆ ಗೂಟ ಹೊಡೆದೆವು. ಮುಂದೊಂದು, ಹಿಂದೊಂದು. ತಮ್ಮ ಸುತ್ತಿಗೆ ಬೀಸಿದ, ನಾನು ಗೂಟ ಹಿಡಿದೆ. ನೆಲಕ್ಕೆ ನೇರವಾಗಿ ಅಲ್ಲ, ದೋಣಿಯಿಂದ ಹಿಂದಕ್ಕೆ ವಾಲಿಸಿ ಹೊಡೆಯಬೇಕು. ಮಳೆ ಬಿದ್ದ ಮಣ್ಣು ಬೆಣ್ಣೆಯಂತೆ ದಾರಿ ಬಿಟ್ಟದ್ದು ನನಗೆ ಅಷ್ಟೇನೂ ಹಿಡಿಸಲಿಲ್ಲ.

ಬೆಳಿಗ್ಗೆ 8 ಹೊಡೆಯುತ್ತಲೇ ಎಂಜಿನ್ ಚಾಲೂ ಆಯಿತು. ಒಂದು ಗಂಟೆ ಓಡಿದರೆ ಫ್ರಿಜ್ಜಿಗೂ ಸ್ನಾನಕ್ಕೂ ಆಯಿತು ಎಂಬ ರಾಜಿ. ಅಷ್ಟರಲ್ಲಿ ನಾದಿನಿ ಇದ್ದ ಮೊಸರನ್ನೆಲ್ಲ ಅನ್ನಕ್ಕೆ ಕಲಸಿ, ಒಗ್ಗರಣೆ ಹಾಕಿ, ಡಬ್ಬಿಗೆ ತುಂಬಿ ಮೊಸರಿನ ಪ್ರಶ್ನೆಯನ್ನು ಬುಡದಲ್ಲೇ ಬಗೆಹರಿಸಿದಳು. ತಮ್ಮ ಹಿಂಬದಿಗೆ ಹೋಗಿ ದೋಣಿಯನ್ನು ತಳ್ಳುವ ಫಿರಕಿಯ ದಂಡಿನ ಪಕ್ಕದ ಹಿತ್ತಾಳೆ ತಿರುಪನ್ನು ಗಟ್ಟಿಯಾಗುವವರೆಗೆ ತಿರುಗಿಸಿದ. ಅದು ಗ್ರೀಸನ್ನು ಒಳಗೆ ಒತ್ತುತ್ತದೆ. ಒತ್ತದಿದ್ದರೆ ದಂಡಿನ ಗುಂಟ ಕಾಲುವೆಯ ನೀರು ತೊಟ್ಟಿಕ್ಕಿ ಒಳಬರುತ್ತದೆ. ಗ್ಯಾಸ್ ಬಂದ್. ಹಗ್ಗ ತೀರ ಬಿಗಿಯಾಗಿಯೂ ಇರಬಾರದು, ಸಡಿಲವಾಗಿಯೂ ಇರಬಾರದು. ಲಾಕಿನ ಹಿಡಿಕೆ ಒಳಗೆ. ಪರದೆ ಎಳೆದು ಬೀಗ. ಬೀಗದ ಕೈಗೆ ನಿಂಬೆಹಣ್ಣಿಗಿಂತ ದಪ್ಪನೆಯ ಬೆಂಡಿನ ಚೆಂಡು ಕಟ್ಟಿರುತ್ತದೆ. ನೀರಿಗೆ ಬಿದ್ದರೂ ತೇಲಲಿ ಎಂದು. ಅದನ್ನು ಜೇಬಿಗೆ ತುರುಕಿಕೊಂಡು ದಿನವಿಡೀ ಉಬ್ಬಿದ ಜೇಬಿನಲ್ಲಿ ಓಡಾಡಿದವನು ನಾನು. ಕೊನೆಯದಾಗಿ ಹುಡುಗಿ ಹತ್ತಿರದ ಸೇತುವೆಯ ಸಂಖ್ಯೆಯನ್ನು ಕೈಮೇಲೆ ಪೆನ್ನಿನಲ್ಲಿ ಬರೆದುಕೊಂಡಳು. ಕಾಲುವೆಯಲ್ಲಿ ವಿಳಾಸವೆಂದರೆ ಸೇತುವೆಯ ನಂಬರು.

ರೈಲು ಹೊರಟು ಒಂದು ನಿಮಿಷವೂ ಆಗಿರಲಿಲ್ಲ. ಕೈರಿಯೊಗ್ ಎಂಬ ಸಣ್ಣ ನದಿಯ ಕಣಿವೆ ಬಂತು. ನದಿಯ ಆಚೆ ಇಂಗ್ಲೆಂಡ್, ಈಚೆ ವೇಲ್ಸ್. ಅದರ ಮೇಲೆ ಎರಡು ಸೇತುವೆಗಳು ಅಕ್ಕಪಕ್ಕ ನಿಂತಿವೆ. 70 ಅಡಿ ಎತ್ತರದಲ್ಲಿ 1801ರ ಮೇಲ್ಗಾಲುವೆ, ಅದಕ್ಕಿಂತ 30 ಅಡಿ ಮೇಲೆ 1848ರ ರೈಲು ಸೇತುವೆ. ಕಾಲುವೆಯವರ ಹೊಟ್ಟೆ ಉರಿಸಲೆಂದೇ ಕಟ್ಟಿದಂತಿದೆ. "ದೊಡ್ಡಪ್ಪ, ನಾವು ನಿನ್ನೆ ಅಲ್ಲಿದ್ವಲ್ಲ!" ಎಂದು ಹುಡುಗಿ ಕಿಟಕಿಗೆ ಮೂಗು ಒತ್ತಿದಳು. ಕೆಳಗೆ ನಿನ್ನೆ ನಾವು ಬಂದ ನೀರಿನ ಪಟ್ಟಿ. ಎದುರು ಹರಿವನ್ನು ತಳ್ಳಿಕೊಂಡು ಅದನ್ನು ದಾಟಲು ನಮಗೆ ಎಷ್ಟು ನಿಮಿಷ ಹಿಡಿಯಿತೆಂದರೆ ಆಚೆ ದಡದಲ್ಲಿ ಹಚ್ಚಿದ ಕಾಫಿಯ ಒಲೆ ಈಚೆ ದಡಕ್ಕೆ ಬರುವಷ್ಟರಲ್ಲಿ ಕಾಫಿ ಕೊಟ್ಟಿತ್ತು. ರೈಲು ಅದನ್ನು ಹತ್ತು ಸೆಕೆಂಡಿನಲ್ಲಿ ಮುಗಿಸಿತು. ನಾಲ್ಕು ದಿನ ನಡಿಗೆಯ ವೇಗಕ್ಕೆ ಒಗ್ಗಿದ ಕಣ್ಣಿಗೆ ಹೊರಗಿನ ಹೊಲಗಳು ಹರಿದುಹೋಗುವುದು ಹಿಂಸೆಯೆನಿಸಿತು. ನಾನು ಸೀಟಿನ ಹಿಡಿ ಹಿಡಿದು ಕೂತಿದ್ದೆ. ಆ ರೈಲು ನಮ್ಮ ಮೈಸೂರು ಪ್ಯಾಸೆಂಜರಿನಷ್ಟೇ ಸಾಧು.

ಶ್ರೂಸ್‌ಬರಿಯಲ್ಲಿ ರೈಲು ಬದಲಿಸಬೇಕು. ನಿಲ್ದಾಣದ ಒಂದು ಭಾಗ ಸೆವರ್ನ್ ನದಿಯ ಮೇಲೇ ನಿಂತಿದೆ. ಎದುರಿಗೇ ಹಳೆಯ ಕೋಟೆ. ಕುರುಬನ ಮಗನಾಗಿ ಸ್ಕಾಟ್‌ಲೆಂಡಿನಲ್ಲಿ ಹುಟ್ಟಿ ಕಲ್ಲುಕುಟಿಕನಾಗಿ ಬೆಳೆದ ಥಾಮಸ್ ಟೆಲ್‌ಫೋರ್ಡ್ ಈ ಕೋಟೆಯನ್ನು ವಾಸಕ್ಕೆ ತಕ್ಕಂತೆ ರಿಪೇರಿ ಮಾಡಲು ಬಂದು ಇಲ್ಲೇ ಉಳಿದ. 1787ರಲ್ಲಿ ಜಿಲ್ಲೆಯ ಕಾಮಗಾರಿಗಳ ಮೇಲ್ವಿಚಾರಕನಾದ. 1793ರಲ್ಲಿ ನಮ್ಮ ಕಾಲುವೆಯ ಕೆಲಸ ಹಿಡಿದ. ಹಿರಿಯ ಎಂಜಿನಿಯರ್ ವಿಲಿಯಂ ಜೆಸಪ್ ಜೊತೆ ಸೇರಿ ಅವನು ಎಬ್ಬಿಸಿದ್ದೇ ಚರ್ಕ್‌ನ ಮೇಲ್ಗಾಲುವೆ ಮತ್ತು ಪಾಂಟ್‌ಕಸಲ್ಟೆ. ಮುಂದಿನ ರೈಲಿಗೆ ಹೊತ್ತಿತ್ತು, ಊರಿನ ಚೌಕದವರೆಗೆ ನಡೆದೆವು. ಅಲ್ಲಿ ರಾಬರ್ಟ್ ಕ್ಲೈವ್ ನಿಂತಿದ್ದಾನೆ, 1860ರಿಂದ. ಈ ಊರಿನ ಮೇಯರೂ ಪಾರ್ಲಿಮೆಂಟ್ ಸದಸ್ಯನೂ ಆಗಿದ್ದವನು. 2020ರಲ್ಲಿ ಪ್ರತಿಮೆ ತೆಗೆಯಬೇಕೆಂಬ ಕೂಗೆದ್ದಾಗ ಕೌನ್ಸಿಲ್ ಮತ ಹಾಕಿ ಉಳಿಸಿಕೊಂಡಿತು. ಬುಡದ ಕಟ್ಟೆಯ ಮೇಲೆ ಇಬ್ಬರು ಹುಡುಗರು ಸ್ಯಾಂಡ್‌ವಿಚ್ ತಿನ್ನುತ್ತಿದ್ದರು.

ನಮ್ಮಲ್ಲಿ ಎಷ್ಟೋ ಜನ ಡೇರೆಯನ್ನು ಈ ಕ್ಲೈವನೇ ಹೊತ್ತು ತಂದನೆಂದು ತಿಳಿದಿದ್ದಾರೆ. ಪ್ಲಾಸಿಯ ಕ್ಲೈವ್ ಸತ್ತದ್ದು 1774ರಲ್ಲಿ. ಶ್ರೀರಂಗಪಟ್ಟಣ ಬಿದ್ದದ್ದು 1799ರ ಮೇ 4ರಂದು. ಆಗ ಮದರಾಸಿನ ಗವರ್ನರ್ ಆಗಿದ್ದವನು ಮಗ ಎಡ್ವರ್ಡ್ ಕ್ಲೈವ್. ಅವನ ಹೆಂಡತಿ ಹೆನ್ರಿಯೆಟಾ ಪೋವಿಸ್ ಮನೆತನದ ಹೆಣ್ಣು. ಅವಳ ಅಣ್ಣ ಮಕ್ಕಳಿಲ್ಲದೆ ತೀರಿಕೊಂಡ ಮೇಲೆ ಕೋಟೆ ಕ್ಲೈವ್ ಸಂತಾನಕ್ಕೆ ಬಂತು, 1804ರಲ್ಲಿ ಎಡ್ವರ್ಡನಿಗೆ ಪೋವಿಸ್ ಅರ್ಲ್ ಎಂಬ ಪದವಿಯೂ ಬಂತು. ಹೀಗೆ ಮದರಾಸಿನ ಪೆಟ್ಟಿಗೆಗಳು ವೇಲ್ಸ್‌ನ ಗುಡ್ಡ ಹತ್ತಿದವು.

ವೆಲ್ಶ್‌ಪೂಲ್ ಸಣ್ಣ ಊರು. ದಾರಿಯಲ್ಲಿ ಮಾಂಟ್‌ಗೊಮರಿ ಕಾಲುವೆ ಸಿಕ್ಕಿತು. ತಮ್ಮ ಸೇತುವೆಯ ಮೇಲೆ ನಿಂತು, ಬಸ್ಸು ತಪ್ಪಿಸಿಕೊಂಡವನು ಖಾಲಿ ರಸ್ತೆಯನ್ನು ನೋಡುವಂತೆ ಅದನ್ನೇ ನೋಡಿದ. ಪೇಟೆ ದಾಟಿ ಜಿಂಕೆಗಳಿರುವ ಉದ್ಯಾನದ ಏರುದಾರಿಯಲ್ಲಿ ಸುಮಾರು ಒಂದು ಮೈಲಿ ನಡೆದರೆ ಕೆಂಪು ಮರಳುಗಲ್ಲಿನ ಕೋಟೆ. 13ನೇ ಶತಮಾನದಲ್ಲಿ ವೆಲ್ಶ್ ಅರಸರು ಕಟ್ಟಿದ್ದು, 1952ರಿಂದ ನ್ಯಾಷನಲ್ ಟ್ರಸ್ಟ್‌ನ ಕೈಯಲ್ಲಿದೆ. ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ತೋಟ. ಅಂಗಳದಲ್ಲಿ ನವಿಲುಗಳು ಮನೆಯ ಕೋಳಿಗಳಂತೆ ಓಡಾಡಿಕೊಂಡಿದ್ದವು. ನಮ್ಮ ನಾಡಿನ ಹಕ್ಕಿ ಇಲ್ಲಿ ಯಾರ ಹಂಗೂ ಇಲ್ಲದೆ ಮೆರೆಯುವುದು ಕಂಡು ನಾದಿನಿ, "ಇವಕ್ಕೆ ವೀಸಾ ಕೊಟ್ಟೋರ್ಯಾರೋ" ಎಂದಳು.

ಕ್ಲೈವ್ ಮ್ಯೂಸಿಯಮ್ಮಿನಲ್ಲಿ ಬೆಳಕು ಮಂದ. ಹಳೆಯ ಬಟ್ಟೆಗೆ ಬಿಸಿಲು ವೈರಿ. ಭಾರತದ್ದೂ ಪೂರ್ವ ದೇಶಗಳದ್ದೂ ಸೇರಿ ಮುನ್ನೂರಕ್ಕೂ ಹೆಚ್ಚು ವಸ್ತುಗಳಿವೆ: ಕತ್ತಿ, ದಂತದ ಕೆಲಸ, ಬೆಳ್ಳಿ, ಪಲ್ಲಕ್ಕಿ. ಗಾಜಿನ ಹಿಂದೆ ಮುಷ್ಟಿಗಾತ್ರದ ಚಿನ್ನದ ಹುಲಿತಲೆ, ಅದಕ್ಕೆ ಮಾಣಿಕ್ಯ, ಪಚ್ಚೆ, ವಜ್ರ. ಟಿಪ್ಪುವಿನ ಸಿಂಹಾಸನದ ಕಟಾಂಜನದ ಮೇಲಿದ್ದ ಎಂಟು ಪುಟ್ಟ ತಲೆಗಳಲ್ಲಿ ಒಂದು. ಕೋಟೆ ಬಿದ್ದ ಮೇಲೆ ಲೂಟಿ ಹಂಚುವ ಅಧಿಕಾರಿಗಳು ಸಿಂಹಾಸನವನ್ನೇ ತುಂಡು ಮಾಡಿ ಹಂಚಿಬಿಟ್ಟರು. ಆ ಹುಲಿ ಹಲ್ಲು ಕಿಸಿದಿದೆ, ಆದರೆ ಗಾತ್ರದಿಂದಾಗಿ ಬೆಕ್ಕಿನ ಮರಿಯಂತೆ ಕಾಣುತ್ತದೆ. ಟಿಪ್ಪು ಬಗ್ಗೆ ನಮ್ಮೂರಿನ ಜಗಳ ಮುಗಿಯುವಂಥದಲ್ಲ. ಅದನ್ನು ಇಲ್ಲಿಗೂ ಹೊತ್ತು ತರುವ ಮನಸ್ಸು ನನಗಿರಲಿಲ್ಲ. ನಾನು ಬಂದದ್ದು ಬಟ್ಟೆ ನೋಡಲು.

ಡೇರೆ ಎಂದರೆ ನನ್ನ ಮನಸ್ಸಿನಲ್ಲಿದ್ದದ್ದು ಟೂರಿಂಗ್ ಟಾಕೀಸಿನ ಕಂದು ಟಾರ್ಪಾಲು. ಇದು ಬಿಳಿ ಹತ್ತಿಯ ಮೇಲೆ ಬಿಡಿಸಿದ ಹೂದೋಟ. ಕಮಾನು, ಕಮಾನಿನೊಳಗೊಂದು ಹೂದಾನಿ, ಹೂದಾನಿಯಿಂದ ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ ಚಾಚಿದ ಬಳ್ಳಿ, ಅದರ ತುಂಬ ಕೆಂಪು ಹೂ. ಹತ್ತಿರ ಹೋಗಿ ನೋಡಿದರೆ ಅಚ್ಚಿನ ಗೆರೆ ಒಂದೆಡೆ ಬಣ್ಣದ ಅಂಚು ಮೀರಿದ್ದೂ, ಕೈಯಿಂದ ತುಂಬಿದ ಬಣ್ಣ ಇನ್ನೊಂದೆಡೆ ಗೆರೆ ದಾಟಿದ್ದೂ ಕಾಣುತ್ತದೆ. ಈ ಬಟ್ಟೆ ಟಿಪ್ಪುವಿಗಿಂತ ಹಳೆಯದು, 18ನೇ ಶತಮಾನದ ಮೊದಲರ್ಧದ ಮೊಗಲ್ ಚೀಟಿಬಟ್ಟೆ ಎಂದು ಬಲ್ಲವರ ಅಂದಾಜು. ಹೊರಗೆ ಯುದ್ಧ, ಕೆಸರು, ಎತ್ತಿನ ಸಾಲು. ಒಳಗೆ ಮಲಗಿದವನ ಕಣ್ಣಿಗೆ ನಾಲ್ಕೂ ಕಡೆ ತೋಟ. ದರಿಯಾ ದೌಲತ್ತಿನ ಗೋಡೆಗಳನ್ನು ಕಂಡವರಿಗೆ ಈ ಹುಚ್ಚು ಹೊಸದಲ್ಲ. ಇದು ಅದರ ಮಡಚಿ ಒಯ್ಯುವ ರೂಪ. ಇಷ್ಟೆಲ್ಲ ಬಣ್ಣದ ಸಡಗರವನ್ನು ನೆಲಕ್ಕೆ ಹಿಡಿದಿಟ್ಟದ್ದು ಹಗ್ಗ ಮತ್ತು ಗೂಟ. ಪೋವಿಸ್‌ನ ಮನೆಯವರು ಇದನ್ನು ಇದೇ ತೋಟದಲ್ಲಿ ಎಬ್ಬಿಸಿ ಔತಣ ಕೂಟಗಳಿಗೆ ಬಳಸಿದ್ದರಂತೆ. ವೇಲ್ಸ್‌ನ ಮಳೆಯಲ್ಲಿ ಅದು ಉಳಿದು ಬಂದದ್ದೇ ಹೆಚ್ಚು.

ಡೇರೆಗಿಂತ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಹೆನ್ರಿಯೆಟಾಳ ಕಥೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಅವಳು ಗಂಡನನ್ನು ಮದರಾಸಿನಲ್ಲೇ ಬಿಟ್ಟು ಇಬ್ಬರು ಹೆಣ್ಣುಮಕ್ಕಳನ್ನೂ ಅನ್ನಾ ತೊನೆಲ್ಲಿ ಎಂಬ ಇಟಲಿಯ ಚಿತ್ರಗಾರ್ತಿಯನ್ನೂ ಕರೆದುಕೊಂಡು ಹೊರಟಳು. ಏಳು ತಿಂಗಳು, ಸಾವಿರ ಮೈಲಿಗೂ ಮಿಕ್ಕಿದ ದಾರಿ, ಜೊತೆಗೆ ಆನೆ, ಎತ್ತು, ನೂರಾರು ಆಳುಕಾಳು. ಬೆಂಗಳೂರು, ಮೈಸೂರು, ಶ್ರೀರಂಗಪಟ್ಟಣ ನೋಡಿದರು. ಕಿರಿಯ ಮಗಳು ಶಾರ್ಲಟ್‌ಗೆ ಆಗ ಹನ್ನೆರಡರ ಆಸುಪಾಸು. ಅವಳು ದಿನಚರಿ ಬರೆದಿಟ್ಟಳು. ಮುಂದೆ ಅವಳೇ ನಾರ್ತಂಬರ್‌ಲೆಂಡಿನ ಡಚೆಸ್ ಆಗಿ, ರಾಣಿಯಾಗುವ ಮೊದಲಿನ ವಿಕ್ಟೋರಿಯಾಗೆ ಶಿಕ್ಷಕಿಯಾದಳು. ಹೂದೋಟದವರಿಗೆ ಗೊತ್ತಿರುವ ಕ್ಲೈವಿಯಾ ಗಿಡದ ಹೆಸರು ಬಂದದ್ದು ಅವಳ ತವರಿನ ಹೆಸರಿನಿಂದ. ಇದನ್ನು ಹುಡುಗಿಗೆ ಹೇಳಿದೆ. "ಅವಳಿಗೆ ಶಾಲೆ ಇರ್ಲಿಲ್ವಾ ದೊಡ್ಡಪ್ಪ?" ಎಂದಷ್ಟೇ ಕೇಳಿದಳು.

ಇನ್ನೊಂದು ಕಾಲದ ಲೆಕ್ಕ ತಲೆಯಲ್ಲಿ ಸುತ್ತುತ್ತಿತ್ತು. ಚರ್ಕ್‌ನ ಮೇಲ್ಗಾಲುವೆಗೆ ಕಲ್ಲು ಹಾಕಿದ್ದು 1796. ಪಾಂಟ್‌ಕಸಲ್ಟೆಯ ಕಂಬಗಳು ಎದ್ದದ್ದು 1795ರಿಂದ 1805ರ ನಡುವೆ. ಅಲ್ಲಿ ಶ್ರೀರಂಗಪಟ್ಟಣದ ಕೋಟೆಯ ಗೋಡೆ ಒಡೆಯುವಾಗ ಇಲ್ಲಿ ನೀರಿಗೆ ಸೇತುವೆ ಏಳುತ್ತಿತ್ತು. ಅಲ್ಲಿಂದ ಬಂದ ದುಡ್ಡೇ ಇಲ್ಲಿ ಕಲ್ಲಾಯಿತು ಎಂದು ಗಂಟು ಹಾಕಿಬಿಡಲು ನಾಲಿಗೆ ತುರಿಸುತ್ತದೆ. ಹಾಕುವುದಿಲ್ಲ. ಆದರೆ ನದಿಯ ಮೇಲೆ ನೀರು ಹಾಯಿಸುವ ವಿದ್ಯೆಗಾಗಿ ಶ್ರೀರಂಗಪಟ್ಟಣದವರು ಟೆಲ್‌ಫೋರ್ಡನನ್ನು ಕಾಯಬೇಕಿರಲಿಲ್ಲ ಎಂದಷ್ಟು ಹೇಳಬಹುದು. ಬಂಗಾರದೊಡ್ಡಿ ನಾಲೆಯ ನೀರು ಕಾವೇರಿಯ ಕವಲನ್ನು ಮೇಲ್ಗಾಲುವೆಯಲ್ಲಿ ದಾಟಿ ದ್ವೀಪ ಸೇರುವ ಏರ್ಪಾಡು ಒಡೆಯರ ಕಾಲದ್ದು. ಹೆನ್ರಿಯೆಟಾ ಅದನ್ನು ನೋಡಿದಳೋ ಇಲ್ಲವೋ.

ಕೋಟೆಯ ಹೊರಗಿನ ಹುಲ್ಲಿನ ಮೇಲೆ ಮೊಸರನ್ನದ ಡಬ್ಬಿ ಬಿಚ್ಚಿದೆವು. ಒಂದು ನವಿಲು ಬಂದು ತುಸು ದೂರದಲ್ಲಿ ನಿಂತಿತು. ಎಸೆದ ಅಗುಳನ್ನು ಕುಕ್ಕಿ, ಒಗ್ಗರಣೆಯ ಸಾಸಿವೆ ರುಚಿಸದೆ ಮುಖ ತಿರುಗಿಸಿ ಹೋಯಿತು. ತೋಟ ಚೆನ್ನಾಗಿದೆ. ಅದರ ಬಗ್ಗೆ ಬರೆಯುವವರು ಬೇಕಾದಷ್ಟು ಜನರಿದ್ದಾರೆ.

ದಡದ ದಿನದ ದೊಡ್ಡ ಶತ್ರು ಗಡಿಯಾರ. ದೋಣಿಯ ಮೇಲೆ ನಾಲ್ಕು ದಿನದಿಂದ ಯಾರೂ ಹೊತ್ತು ಕೇಳಿರಲಿಲ್ಲ. ಇಲ್ಲಿ ಎರಡು ಗಂಟೆಗೊಂದು ರೈಲು, ತಪ್ಪಿದರೆ ಶ್ರೂಸ್‌ಬರಿಯ ಕೊಂಡಿಯೂ ತಪ್ಪುತ್ತದೆ, ಕತ್ತಲಲ್ಲಿ ಕಾಲುವೆಯ ಹಾದಿ ಹುಡುಕಬೇಕು. ಕೊನೆಯ ಅರ್ಧ ಮೈಲಿ ಓಡಿಯೇ ಬಂದೆವು. ಬೆಂಡಿನ ಚೆಂಡು ತೊಡೆಗೆ ಬಡಿಯುತ್ತಿತ್ತು. ಸೀಟು ಸಿಕ್ಕಿದ ಮೇಲೆ ನಾಲ್ವರೂ ಮಾತಿಲ್ಲದೆ ನಿದ್ದೆಹೋದೆವು. ದಿನಕ್ಕೆ ಹದಿನೆಂಟು ಲಾಕ್-ಮೈಲಿ ಮಾಡಿದಾಗಲೂ ಇಷ್ಟು ಸುಸ್ತಾಗಿರಲಿಲ್ಲ.

ಚರ್ಕ್‌ನಲ್ಲಿ ಇಳಿದು ಕಾಲುವೆಯ ಹಾದಿಗೆ ಬಂದಾಗ ಬೆಳಕು ಇನ್ನೂ ಇತ್ತು. ಸೇತುವೆ ಸಿಕ್ಕಿತು. ದೋಣಿಯೂ ಇತ್ತು. ಆದರೆ ಏನೋ ಹೆಚ್ಚುಕಡಿಮೆ ಅನ್ನಿಸಿತು. ಬೆಳಿಗ್ಗೆ ಹೊರಡುವಾಗ ದೋಣಿಯ ಹಿಂಬದಿ ಒಂದು ಮುಳ್ಳುಪೊದೆಯ ಎದುರಿಗಿತ್ತು, ಈಗ ಪೊದೆ ಎರಡು ಮಾರು ಹಿಂದೆ ಸರಿದಿತ್ತು. ಹಾದಿಯ ಅಂಚಿನಲ್ಲಿ ಹುಲ್ಲು ಕಿತ್ತು ಕೆಸರು ತುಂಬಿದ ಒಂದು ತೂತು. ಅಲ್ಲಿದ್ದ ಗೂಟ ಕಿತ್ತು ಬಂದದ್ದು ಸ್ಪಷ್ಟ. ಯಾವುದೋ ದೋಣಿ ರಭಸವಾಗಿ ಹೋಗಿದೆ. ಹಾಗೆ ಹೋದಾಗ ಕಟ್ಟಿ ನಿಲ್ಲಿಸಿದ ದೋಣಿಯನ್ನು ನೀರು ಹಿಂದಕ್ಕೂ ಮುಂದಕ್ಕೂ ಎಳೆದಾಡುತ್ತದೆ. ನೆನೆದ ಮಣ್ಣಿನ ಗೂಟ ಅದಕ್ಕೆಲ್ಲಿ ತಡೆಯುತ್ತದೆ? ಹಿಂಬದಿ ಕಾಲುವೆಗೆ ಅಡ್ಡ ತಿರುಗಿ, ಹಿಂದೆ ಬಂದವರಿಗೆಲ್ಲ ದಾರಿ ಕಟ್ಟಿರಬೇಕು.

ಕಿತ್ತ ಗೂಟವನ್ನು ಯಾರೋ ಗಟ್ಟಿ ನೆಲ ನೋಡಿ, ಸರಿಯಾದ ವಾಲಿನಲ್ಲಿ, ತಲೆ ಮಾತ್ರ ಕಾಣುವಷ್ಟು ಆಳಕ್ಕೆ ಹೊಡೆದಿದ್ದರು. ಓಡಾಡುವವರು ಎಡವದಿರಲೆಂದು ಅದರ ತಲೆಗೊಂದು ಬಿಳಿ ಪ್ಲಾಸ್ಟಿಕ್ ಚೀಲ ಕಟ್ಟಿದ್ದರು. ಚೀಟಿ ಇಲ್ಲ, ಹೆಸರಿಲ್ಲ. ಹಗ್ಗದ ಗಂಟು ನಮ್ಮ ತಮ್ಮ ಹಾಕುವಂಥದಲ್ಲ. ಎರಡು ಸುತ್ತು, ಒಂದು ಕುಣಿಕೆ, ಕೊನೆಯನ್ನು ಒಳಗೆ ತೂರಿಸಿ ಅಂದವಾಗಿ ಹಿಂದಕ್ಕೆ ಮಡಚಿದ್ದರು. ತಮ್ಮ ಬಗ್ಗಿ ಅದನ್ನು ಎರಡು ಸಲ ಬೆರಳಿನಿಂದ ಮುಟ್ಟಿ ನೋಡಿದ. ಹುಡುಗಿ ಫೋನಿನಲ್ಲಿ ಫೋಟೋ ಹಿಡಿದಳು.

"ಸುತ್ತಿಗೆ ತರ್ಲಾ?" ಎಂದೆ.

"ಬೇಡಣ್ಣ, ಇರ್ಲಿ ಬಿಡು. ಇದನ್ನ ಬೆಳಿಗ್ಗೆ ಬಿಚ್ಚೋಣ" ಎಂದು ಅವನು ಬೀಗದ ಕೈಗೆ ಕೈ ಚಾಚಿದ.